ಮನೆಗೆ ಬಂದ ವಿದ್ಯಾಪೀಠ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಆದರೆ ಹಗಲೆಲ್ಲ ದುಡಿಯುವವನಿಗೆ, ಸಂಸಾರದ ಹೊಣೆ ಹೊತ್ತ ಗೃಹಿಣಿಗೆ ಕಾಲೇಜಿನ ಮೆಟ್ಟಿಲು ಹತ್ತುವುದೇ ದುಸ್ತರ. ಅಂಥವರ ಮನೆಗೆ ವಿದ್ಯೆಯೇ ನಡೆದು ಬಂದ ಕಥೆ ಸ್ವಾರಸ್ಯವಾದುದು. ಇಂದಿನ ಆನ್‌ಲೈನ್ ಶಿಕ್ಷಣದ ಬೇರು ಇರುವುದೂ ಅಲ್ಲಿಯೇ.

1858ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ದೂರದಲ್ಲಿದ್ದು ಓದಿದವರಿಗೂ ತನ್ನ ಪದವಿ ಪರೀಕ್ಷೆಯ ಬಾಗಿಲು ತೆರೆಯಿತು. ಆದರೆ ಅದು ಪರೀಕ್ಷೆ ನಡೆಸಿತೇ ಹೊರತು ಪಾಠ ಹೇಳಲಿಲ್ಲ. ಆ ಕೊರತೆಯನ್ನು ನೀಗಲು ಮುಂದೆ ರೇಡಿಯೋ, ಟೆಲಿವಿಷನ್‌ಗಳೂ ನೆರವಾದವು. ಬ್ರಿಟನ್ನಿನಲ್ಲಿ 1963ರಲ್ಲಿ ಹೆರಾಲ್ಡ್ ವಿಲ್ಸನ್ನರು ‘ಆಕಾಶದ ವಿಶ್ವವಿದ್ಯಾನಿಲಯ’ದ ಕಲ್ಪನೆಯನ್ನು ಮುಂದಿಟ್ಟರು, ಸಚಿವೆ ಜೆನ್ನಿ ಲೀ ಅವರು ಪಟ್ಟು ಹಿಡಿದು ಅದನ್ನು ಸಾಧಿಸಿದರು. 1969ರಲ್ಲಿ ರಾಜಶಾಸನ ಪಡೆದ ಮುಕ್ತ ವಿಶ್ವವಿದ್ಯಾನಿಲಯವು 1971ರ ಜನವರಿಯಲ್ಲಿ ಪಾಠ ಆರಂಭಿಸಿತು. ಸೇರಲು ಹಿಂದಿನ ಯಾವ ಪರೀಕ್ಷೆಯ ಅರ್ಹತೆಯೂ ಬೇಕಿರಲಿಲ್ಲ. ಪಾಠಗಳು ಬಿ.ಬಿ.ಸಿ.ಯಿಂದ, ಪುಸ್ತಕಗಳು ಅಂಚೆಯಿಂದ ಬರುತ್ತಿದ್ದವು. ಇವೆರಡಕ್ಕಿಂತ ಮುಖ್ಯವಾಗಿ, ವಿದ್ಯಾರ್ಥಿಯು ಬರೆದುದನ್ನು ತಿದ್ದಿ ಹಿಂದಿರುಗಿಸುವ ಉಪಾಧ್ಯಾಯರಿದ್ದರು.

ನಮ್ಮಲ್ಲಿಯೂ 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆ ಮೂಲಕ ಶಿಕ್ಷಣ ಆರಂಭಿಸಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮುಂದೆ ಅಂಚೆಯ ಕೆಲಸವನ್ನು ಇಂಟರ್‌ನೆಟ್ ವಹಿಸಿಕೊಂಡಿತು. 2003ರಲ್ಲಿ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಯೋಜನೆಯನ್ನು ಕೈಗೊಂಡುದರಿಂದ ಆ ಸಂಸ್ಥೆಗಳ ಪಾಠ ಯಾರಿಗೂ ಉಚಿತವಾಗಿ ದೊರಕುವಂತಾಯಿತು.

2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕೃತಕ ಬುದ್ಧಿಮತ್ತೆಯ ಪಾಠವೊಂದು ಇಂಟರ್‌ನೆಟ್ಟಿನಲ್ಲಿ ನಡೆಯಿತು. ಹೆಸರು ಬರೆಸಿದವರು ಸುಮಾರು 1,60,000 ಮಂದಿ. ಕೊನೆ ಮುಟ್ಟಿದವರು ಸುಮಾರು 23,000 ಮಾತ್ರ. ಬಾಗಿಲು ಹಿರಿದಾದರೆ ಒಳಬರುವವರು ಹೆಚ್ಚುತ್ತಾರೆ, ದಿಟ. ನಡುದಾರಿಯಲ್ಲಿ ಸೋತು ನಿಂತವನ ಕೈ ಹಿಡಿಯುವವರಾರು?

2020ರಲ್ಲಿ ಕೊರೋನಾದಿಂದ ಶಾಲೆ ಕಾಲೇಜುಗಳು ಮುಚ್ಚಿದಾಗ ನಾನೂ ಮೊಬೈಲಿನ ಮುಂದೆ ಕುಳಿತು ಸಂಧಿ ಸಮಾಸಗಳನ್ನು ಹೇಳಿದವನೇ. ಮಕ್ಕಳ ಮುಖ ಕಾಣದೆ, ಪಾಠ ನಾಟಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅವರು ಬರೆದು ಕಳಿಸಿದ ಉತ್ತರಗಳನ್ನು ತಿದ್ದತೊಡಗಿದ ಮೇಲೆಯೇ ಅವರ ತೊಡಕು ಅರ್ಥವಾದುದು.

ಪಾಠವನ್ನು ಎಷ್ಟು ದೂರಕ್ಕಾದರೂ ಮುಟ್ಟಿಸಬಹುದು. ಅದು ವಿದ್ಯೆಯಾಗಬೇಕಾದರೆ, ತಪ್ಪಿದಲ್ಲಿ ತಿದ್ದುವ ಒಬ್ಬ ಗುರು ಆ ತುದಿಯಲ್ಲಿ ಇರಲೇಬೇಕು.