ಕಾರ್ಕಳದ ಸಮರ್ಥರು ಮತ್ತು ‘ಸಂವಾದ’

ಮಕ್ಕಳೇ, ಸಲ್ಮಾಬಾದಿನಲ್ಲಿ ನಿಮ್ಮ ಗೆಳೆಯರಲ್ಲಿ ಕೆಲವರು ಮಸೀದಿಗೆ, ಕೆಲವರು ಚರ್ಚಿಗೆ, ಕೆಲವರು ದೇವಸ್ಥಾನಕ್ಕೆ ಹೋಗುತ್ತಾರೆ. ಹಾಗಾದರೆ ಯಾರ ನಂಬಿಕೆ ಸರಿ?

ಈ ಪ್ರಶ್ನೆಗೆ ಬದುಕಿಡೀ ಉತ್ತರ ಹುಡುಕಿದವರು ಕ್ರೈಸ್ತ ಚಿಂತಕ ಸ್ಟ್ಯಾನ್ಲಿ ಸಮರ್ಥ. ಹುಟ್ಟಿದ್ದು 1920ರಲ್ಲಿ, ಕಾರ್ಕಳದಲ್ಲಿ. ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಪಾಠ ಮಾಡಿ, ಮುಂದೆ ಜಿನೀವಾದ ವಿಶ್ವ ಚರ್ಚುಗಳ ಮಂಡಳಿ ಸೇರಿದರು. 1970ರಲ್ಲಿ ಮಂಡಳಿಯು ಲೆಬನಾನಿನಲ್ಲಿ ಹಿಂದೂ, ಬೌದ್ಧ, ಮುಸ್ಲಿಂ, ಕ್ರೈಸ್ತರನ್ನು ಒಂದೆಡೆ ಕೂರಿಸಿತು. ಮರುವರ್ಷ ಅವರು ಅದರ ಧರ್ಮಸಂವಾದ ವಿಭಾಗದ ಮೊದಲ ನಿರ್ದೇಶಕರಾದರು.

ಯೇಸುವಿನಲ್ಲಿ ತಮ್ಮ ನಂಬಿಕೆಯನ್ನು ಬಿಡದೆಯೇ, ದೇವರು ಯಾವ ಒಂದು ಧರ್ಮಕ್ಕೂ ಪೂರ್ತಿ ದಕ್ಕುವವನಲ್ಲ ಎಂದು ಅವರು ವಾದಿಸಿದರು. ಇದನ್ನು ಒಪ್ಪದ ಕ್ರೈಸ್ತರೂ ಇದ್ದರು. ಅವರೊಡನೆಯೂ ಮಾತು ನಡೆಯಿತು.

ಪಾಲಕರೇ, ಗೆಳೆಯರ ಹಬ್ಬದ ಬಗ್ಗೆ ಮಕ್ಕಳು ಕೇಳಿದರೆ, ‘ಅವರನ್ನೇ ಕೇಳಿ ಬಾ, ನಮ್ಮದನ್ನೂ ಹೇಳು’ ಎನ್ನಿ. ಸಂವಾದ ಅಲ್ಲಿಂದಲೇ ಶುರು.