ಎರೆನೆಲಕ್ಕೊಂದು ಸಸ್ಯೋದ್ಯಾನ: ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯ ಸಸ್ಯ ಸಂರಕ್ಷಣೆ ಮತ್ತು ಕಲಿಕೆ

ಸೊಲ್ಲಾಪುರದಿಂದ ಪುಣೆಯ ಕಡೆಗೆ ಹೊರಟರೆ ಮೊದಲು ಕೇಗಾಂವ, ಅದನ್ನು ದಾಟಿದ ಮೇಲೆ ಚಿಂಚೋಳಿಯ ಎಂಐಡಿಸಿ ಕೈಗಾರಿಕಾ ಪ್ರದೇಶ. ಕೇಗಾಂವದಲ್ಲಿ ಸೊಲ್ಲಾಪುರ ವಿಶ್ವವಿದ್ಯಾಲಯವಿದೆ, ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವಿದೆ. ಚಿಂಚೋಳಿಯಲ್ಲಿ ಕಾರ್ಖಾನೆಗಳಿವೆ. ಹೆದ್ದಾರಿಯ ಉತ್ತರಕ್ಕೆ ನಾನ್ನಜದ ಹುಲ್ಲುಗಾವಲು, ನಗರದ ಆಗ್ನೇಯಕ್ಕೆ ಕನ್ನಡ ಮಾತಾಡುವ ಅಕ್ಕಲಕೋಟೆ ತಾಲ್ಲೂಕು. ಮಳೆ ಕಡಿಮೆ, ನೆಲ ಒಂದೆಡೆ ಆಳವಾದ ಎರೆ, ಇನ್ನೊಂದೆಡೆ ಕಲ್ಲು ಮೇಲೆದ್ದ ಗರಸು. ಸಸ್ಯೋದ್ಯಾನವೊಂದು ಮಾಡಬೇಕಾದ ಕೆಲಸ ಇಲ್ಲಿ ತುಣುಕು ತುಣುಕಾಗಿ ನಡೆಯುತ್ತಿದೆ. ಅದರ ಬಹುಪಾಲು ಬೆಳೆಗಳಿಗೆ ಸಂಬಂಧಿಸಿದ್ದು. ಕಾಡುಗಿಡಗಳಿಗೆ ಹತ್ತಿರದಲ್ಲಿ ಕಾವಲಿಲ್ಲ ಎಂಬುದೇ ಈ ಲೇಖನದ ಚಿಂತೆ.

ಹೂವಿನ ಮಡಿಗಳಿದ್ದ ಮಾತ್ರಕ್ಕೆ ಉದ್ಯಾನವನ ಸಸ್ಯೋದ್ಯಾನವಾಗುವುದಿಲ್ಲ. ಗಿಡವನ್ನು ಯಾರು, ಯಾವ ಊರಿನ ಯಾವ ದಿಬ್ಬದಿಂದ, ಯಾವ ದಿನ ತಂದರು ಎಂಬ ದಾಖಲೆ ಅಲ್ಲಿರಬೇಕು. ಪ್ರತಿ ಗಿಡಕ್ಕೂ ಒಂದು ಸಂಖ್ಯೆ, ಆ ಸಂಖ್ಯೆಗೊಂದು ಕಡತ, ಜೊತೆಗೆ ಒಣಗಿಸಿದ ಮಾದರಿ ಬೇಕು. ಇಟಲಿಯ ಪಾದುವಾದಲ್ಲಿ 1545ರಲ್ಲಿ ಆರಂಭವಾದ ಉದ್ಯಾನ ವೈದ್ಯ ವಿದ್ಯಾರ್ಥಿಗಳಿಗೆ ಮದ್ದಿನ ಗಿಡಗಳನ್ನು ಗುರುತಿಸಲು ಕಲಿಸುವುದಕ್ಕಾಗಿಯೇ ಹುಟ್ಟಿದ್ದು; ಕಲಿಕೆ ಆಮೇಲೆ ಸೇರಿಸಿದ ಅಲಂಕಾರವಲ್ಲ. ಕಲ್ಕತ್ತೆಯ ಬಳಿಯ ಶಿಬ್ಪುರದಲ್ಲಿ 1787ರಲ್ಲಿ ಕಂಪನಿ ಸರ್ಕಾರ ತೆರೆದ ಉದ್ಯಾನಕ್ಕೆ ವ್ಯಾಪಾರದ ಉದ್ದೇಶವೂ ಇತ್ತು. ಹೈದರ್ ಅಲಿ 1760ರಲ್ಲಿ ಹಾಕಿಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು.

ಸೊಲ್ಲಾಪುರ ಆಗ ಸೇರಿದ್ದ ಮುಂಬೈ ಪ್ರಾಂತಕ್ಕೂ ಒಂದು ಸಸ್ಯೋದ್ಯಾನವಿತ್ತು. ಪುಣೆಯ ಹತ್ತಿರ ದಾಪೋಡಿಯಲ್ಲಿ ಅದು 1828ರಿಂದ 1865ರವರೆಗೆ ನಡೆಯಿತು. 1838ರಿಂದ ಅದನ್ನು ನೋಡಿಕೊಂಡ ಅಲೆಕ್ಸಾಂಡರ್ ಗಿಬ್ಸನ್ ಮುಂದೆ ಪ್ರಾಂತದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾದ. 1840ರ ದಶಕದ ಕೊನೆಯಲ್ಲಿ ಅವನು ಒಬ್ಬ ಭಾರತೀಯ ಚಿತ್ರಕಾರನಿಂದ ಅಲ್ಲಿನ ಗಿಡಗಳ ಚಿತ್ರ ಬರೆಸಿದ. ಉದ್ಯಾನ ಮುಚ್ಚಿಹೋಯಿತು, ಚಿತ್ರಗಳು ಎಡಿನ್‌ಬರೋದ ರಾಯಲ್ ಸಸ್ಯೋದ್ಯಾನದಲ್ಲಿ ಉಳಿದವು. ಕುಂಚ ಹಿಡಿದವನ ಹೆಸರು ಮಾತ್ರ ದಾಖಲಾಗಲಿಲ್ಲ. ಗಿಡದ ಮೂಲ ಬರೆದಿಡುವವರು ಅದನ್ನು ನೆಟ್ಟ, ಬರೆದ, ಕಾಪಾಡಿದ ಕೈಗಳ ಹೆಸರನ್ನೂ ಬರೆದಿಡಬೇಕು.

ಜಗತ್ತಿನ ಲೆಕ್ಕ ಏನು ಹೇಳುತ್ತದೆ? 2017ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ ಸಸ್ಯೋದ್ಯಾನಗಳಲ್ಲಿ ಕನಿಷ್ಠ 1,05,634 ಪ್ರಭೇದಗಳಿವೆ. ಇದು ತಿಳಿದಿರುವ ಸಸ್ಯ ಪ್ರಭೇದಗಳ ಸುಮಾರು ಶೇ. 30. ಅಪಾಯದಲ್ಲಿವೆ ಎಂದು ಗುರುತಿಸಲಾದ ಪ್ರಭೇದಗಳಲ್ಲಿ ಶೇ. 41ಕ್ಕಿಂತ ಹೆಚ್ಚಿನವು ಯಾವುದಾದರೊಂದು ಉದ್ಯಾನದಲ್ಲಿವೆ. ಆದರೆ ಇನ್ನೂ ಯಾವ ಉದ್ಯಾನಕ್ಕೂ ಬಾರದ ಗಿಡಗಳಲ್ಲಿ ಹೆಚ್ಚಿನವು ಉಷ್ಣವಲಯದವು. ದೊಡ್ಡ ಸಂಗ್ರಹಗಳಿರುವುದು ಚಳಿನಾಡುಗಳಲ್ಲಿ, ಗಿಡಗಳಿರುವುದು ಬಿಸಿಲುನಾಡುಗಳಲ್ಲಿ. ಈ ಅಂತರ ಸೊಲ್ಲಾಪುರದಂಥ ಜಿಲ್ಲೆಯಲ್ಲಿ ಕಣ್ಣಿಗೆ ಕಟ್ಟುತ್ತದೆ.

ಬೆಳೆಗಳ ವಿಷಯದಲ್ಲಿ ಈ ಸೀಮೆ ಹಿಂದುಳಿದಿಲ್ಲ. 2005ರಲ್ಲಿ ಸ್ಥಾಪನೆಯಾದ ಕೇಗಾಂವದ ದಾಳಿಂಬೆ ಕೇಂದ್ರ ನಾನಾ ತಳಿಗಳ ಜೀವಂತ ಗಿಡಗಳನ್ನು ಹೊಲದಲ್ಲೇ ಕಾಪಾಡುತ್ತದೆ. ದಾಳಿಂಬೆಯ ಬೀಜ ಬಿತ್ತಿದರೆ ತಾಯಿಗಿಡದ ಗುಣ ಹಾಗೆಯೇ ಬರುವುದಿಲ್ಲ. ರೈತರು ಕಡ್ಡಿ ನೆಟ್ಟೋ ಗೂಟಿ ಕಟ್ಟಿಯೋ ಗಿಡ ಮಾಡುತ್ತಾರೆ. ಆದ್ದರಿಂದ ತಳಿಯನ್ನು ಬೀಜದ ಡಬ್ಬಿಯಲ್ಲಿಟ್ಟು ಉಳಿಸಲಾಗದು, ಗಿಡವಾಗಿಯೇ ಬದುಕಿಸಿಕೊಳ್ಳಬೇಕು.

ಇದರ ಫಲ 2017ರಲ್ಲಿ ಹೊರಬಂದ ‘ಸೋಲಾಪುರ ಲಾಲ್’ ತಳಿಯಲ್ಲಿ ಕಂಡಿತು. ಅದರ ವಂಶದಲ್ಲಿ ರೈತರಿಗೆ ಪರಿಚಿತವಾದ ಭಗವಾ ಮತ್ತು ಗಣೇಶ ತಳಿಗಳಿವೆ, ಕುಂಡದಲ್ಲಿ ಚೆಂದಕ್ಕೆ ಬೆಳೆಸುವ ಕುಳ್ಳ ‘ನಾನಾ’ ಇದೆ. ಹಿಮಾಲಯದ ಇಳಿಜಾರುಗಳಲ್ಲಿ ತಾನಾಗಿ ಬೆಳೆಯುವ ಹುಳಿ ದಾಳಿಂಬೆ ‘ದಾರು’ ಕೂಡ ಇದೆ. ಗಣೇಶ ತಳಿಯ 100 ಗ್ರಾಂ ಕಾಳುಗಳಲ್ಲಿ ಸುಮಾರು 3 ಮಿಲಿಗ್ರಾಂ ಕಬ್ಬಿಣವಿದ್ದರೆ ಹೊಸ ತಳಿಯಲ್ಲಿ 5.6ರಿಂದ 6.1 ಮಿಲಿಗ್ರಾಂ ಇದೆ. ಹಣ್ಣಾಗಿ ತಿನ್ನಲು ಹುಳಿಯೆನಿಸುವ ಗುಡ್ಡಗಾಡಿನ ಗಿಡವೂ, ಶೋಕಿಯ ಕುಂಡದ ಗಿಡವೂ ಯಾರದೋ ಸಂಗ್ರಹದಲ್ಲಿ ಹೆಸರು ಸಮೇತ ಉಳಿದಿದ್ದರಿಂದ ಭೀಮಾ ತೀರದ ತೋಟಕ್ಕೆ ಉಪಯೋಗವಾಯಿತು. ಸಂರಕ್ಷಣೆಯಿಂದ ರೈತನಿಗೇನು ಲಾಭ ಎಂದು ಕೇಳುವವರಿಗೆ ಇದಕ್ಕಿಂತ ಹತ್ತಿರದ ಉತ್ತರವಿಲ್ಲ.

ಜೋಳದ ಕತೆ ಇನ್ನೂ ಹಳೆಯದು. ಚಿಂಚೋಳಿ ಸೇರಿರುವ ಮೊಹೋಳ ತಾಲ್ಲೂಕಿನಲ್ಲೇ 1930ರ ದಶಕದಲ್ಲಿ ನಾಟಿ ಮಾಲದಂಡಿಯಿಂದ ಎಂ 35-1 ತಳಿಯನ್ನು ಆರಿಸಲಾಯಿತು. ಹಿಂಗಾರಿ ಜೋಳದ ಹೊಲಗಳಲ್ಲಿ, ವಿಜಯಪುರ ಕಲಬುರಗಿಗಳಲ್ಲೂ, ಅದು ಇಂದಿಗೂ ನಿಂತಿದೆ. ಅದೇ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ರಾಯಚೂರು, ಹಗರಿಗಳಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರಗಳು ಶುರುವಾದವು. ರಾಜ್ಯಗಳ ಗಡಿ ಬೇರೆಯಾದರೂ ಎರೆಯ ಗಡಿ ಒಂದೇ ಎಂಬುದನ್ನು ಆ ಕಾಲದ ವಿಜ್ಞಾನಿಗಳು ಅರಿತಿದ್ದರು.

ಬೆಳೆಗೆ ಬೆಲೆಯಿದೆ, ಹಾಗಾಗಿ ಕೇಂದ್ರಗಳಿವೆ. ಬೆಲೆಯಿಲ್ಲದ ಗಿಡದ ಗತಿಯೇನು? 2014ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ಪತ್ರಿಕೆಯಲ್ಲಿ ‘ಕ್ರೈನಮ್ ಸೋಲಾಪುರೆನ್ಸೆ’ ಎಂಬ ಹೊಸ ಪ್ರಭೇದ ಪ್ರಕಟವಾಯಿತು. ಗಡ್ಡೆಯಿಂದ ಹೊರಡುವ, ಸುದರ್ಶನ ಗಿಡದ ಬಳಗದ ಈ ಸಸ್ಯವನ್ನು ವಿವರಿಸಿದವರು ಸೊಲ್ಲಾಪುರದ ವಾಲ್‌ಚಂದ್ ಕಾಲೇಜಿನ ಸಸ್ಯಶಾಸ್ತ್ರಜ್ಞರು. ಮರುವರ್ಷ ಜಿಲ್ಲೆಯ ಸಸ್ಯಸಂಪತ್ತಿನ ಸಮಗ್ರ ಪಟ್ಟಿಯೂ ಹೊರಬಂತು. ಬರಗಾಲದ ಜಿಲ್ಲೆ, ಬೋಳು ಜಿಲ್ಲೆ ಎಂದು ಕರೆಸಿಕೊಂಡ ನೆಲ ತನ್ನ ಹೆಸರನ್ನೇ ಹೊತ್ತ ಗಿಡವೊಂದನ್ನು ಜಗತ್ತಿಗೆ ಕೊಟ್ಟಿತು. ಅಕ್ಕಲಕೋಟೆಯ ಶಾಲೆಯ ಮಗು ಅದನ್ನು ಹೆಸರುಫಲಕದೊಂದಿಗೆ ನೋಡುವಂತಾಗಬೇಕು.

ಇಂಥ ಕೆಲಸಕ್ಕೆ ಮಾದರಿ ಕೊಲ್ಹಾಪುರದಲ್ಲಿದೆ. ಸೊಲ್ಲಾಪುರ ವಿಶ್ವವಿದ್ಯಾಲಯ 2004ರಲ್ಲಿ ಹುಟ್ಟುವ ಮೊದಲು ಸೊಲ್ಲಾಪುರದ ಕಾಲೇಜುಗಳೂ ಸೇರಿದ್ದ ಅಲ್ಲಿನ ಶಿವಾಜಿ ವಿಶ್ವವಿದ್ಯಾಲಯದ ಉದ್ಯಾನವನ್ನು ಕೇಂದ್ರ ಪರಿಸರ ಸಚಿವಾಲಯ ‘ಲೀಡ್’ (ಮುಂಚೂಣಿ) ಸಸ್ಯೋದ್ಯಾನವೆಂದು ಗುರುತಿಸಿದೆ. ಅಲ್ಲಿ ಡಾ. ಎಸ್. ಆರ್. ಯಾದವ್ ಮತ್ತು ಅವರ ಶಿಷ್ಯರು ಸೆರೊಪೀಜಿಯಾ ಎಂಬ ಬಳ್ಳಿಗಳ ಬೆನ್ನು ಹತ್ತಿದರು. ಹೂ ಪುಟ್ಟ ಕಂದೀಲಿನ ಆಕಾರದ್ದು. ಮರಾಠಿಯಲ್ಲಿ ಅದಕ್ಕೆ ಕಂದೀಲ ಪುಷ್ಪ ಎಂದೇ ಹೆಸರು. ಒಳಹೊಕ್ಕ ಸಣ್ಣ ನೊಣವನ್ನು ಕೊಳವೆಯ ಕೆಳಮುಖ ರೋಮಗಳು ತಡೆದು ನಿಲ್ಲಿಸುತ್ತವೆ. ಹೂ ಬಾಡತೊಡಗಿ ರೋಮಗಳು ಮುದುಡಿದಾಗ ನೊಣ ಪರಾಗ ಹೊತ್ತು ಹೊರಬರುತ್ತದೆ. ಬಳ್ಳಿಯ ಗಡ್ಡೆ ತಿನ್ನಲು ಬರುತ್ತದೆ, ಅದೇ ಅದಕ್ಕೆ ಮುಳುವು. ಜನ ಅಗೆಯುತ್ತಾರೆ, ಮುಳ್ಳುಹಂದಿ ಅಗೆಯುತ್ತದೆ, ದನ ಮೇಯುತ್ತವೆ. ಭಾರತದ ಸೆರೊಪೀಜಿಯಾಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬೇರೆ ಯಾವ ದೇಶದಲ್ಲೂ ಇಲ್ಲ. ಕೊಲ್ಹಾಪುರದವರು ಅವುಗಳನ್ನು ತಂದು ಬೆಳೆಸಿದರು, ಸಸಿ ಹೆಚ್ಚಿಸಿದರು, ಕೆಲವನ್ನು ಮರಳಿ ಗುಡ್ಡಕ್ಕೆ ಮುಟ್ಟಿಸಿದರು. ಉದ್ಯಾನ ಕೊನೆಯ ನೆಲೆಯಾಗದೆ ನಡುವಿನ ತಂಗುದಾಣವಾದದ್ದೇ ಈ ಕೆಲಸದ ಹಿರಿಮೆ.

ಒಂದು ಗಿಡ ತಂದು ನೆಟ್ಟ ಮಾತ್ರಕ್ಕೆ ಸಂರಕ್ಷಣೆಯಾಗುವುದಿಲ್ಲ. ದಕ್ಷಿಣ ಆಫ್ರಿಕದ ಇಂದಿನ ಕ್ವಾಝುಲು-ನೇಟಾಲ್‌ನಲ್ಲಿ 1895ರಲ್ಲಿ ಸಿಕ್ಕ ಎನ್ಸೆಫಲಾರ್ಟಸ್ ವುಡೀ ಎಂಬ ಸೈಕಡ್ ಗಂಡುಗಿಡ. ಹೆಣ್ಣು ಈವರೆಗೂ ಸಿಕ್ಕಿಲ್ಲ. ಕ್ಯೂ ಸೇರಿ ಹಲವು ಉದ್ಯಾನಗಳಲ್ಲಿರುವುದೆಲ್ಲ ಅದೇ ಒಂದು ಗಿಡದ ಕವಲುಗಳು. ಆ ಪ್ರಭೇದ ಬೀಜ ಕಟ್ಟಲಾರದು. ಹಲವು ಊರುಗಳ, ಹಲವು ತಾಯಿಗಿಡಗಳ ಬೀಜ ಸೇರದಿದ್ದರೆ ನಮ್ಮ ಸಂಗ್ರಹಗಳಿಗೂ ಈ ಕುಂದು ತಪ್ಪದು. ಉಳಿದಂತೆ ಒಣನಾಡಿನ ಹೆಚ್ಚಿನ ಗಿಡಗಳ ಬೀಜವನ್ನು ತೇವ ತೆಗೆದು ಮೈನಸ್ 18 ಡಿಗ್ರಿಯಲ್ಲಿ ದಶಕಗಟ್ಟಲೆ ಇಡಬಹುದು. ಈ ಅನುಕೂಲವನ್ನು ಬಳಸಿಕೊಳ್ಳದಿರುವುದಕ್ಕೆ ನೆಪವಿಲ್ಲ.

ಇನ್ನೊಂದು ಎಚ್ಚರಿಕೆ ನಾನ್ನಜದ ಕುರಿತು. ಎರೆಭೂತ ಹಕ್ಕಿಗಾಗಿ, ಮರಾಠಿಯ ಮಾಳಢೋಕಕ್ಕಾಗಿ, 1979ರಲ್ಲಿ ಘೋಷಣೆಯಾದ ಅಭಯಾರಣ್ಯದ ಜೀವಾಳ ಹುಲ್ಲು. ಕೃಷ್ಣಮೃಗ, ತೋಳಗಳು ಬದುಕುವುದೂ ಅದರ ಆಸರೆಯಲ್ಲಿ. ಬೋಳಾಗಿದೆ ಎಂದು ಹುಲ್ಲುಗಾವಲಿನಲ್ಲಿ ಮರ ನೆಡುವುದು ಸಂರಕ್ಷಣೆಯ ಹೆಸರಿನ ಹಾನಿ. ಸಸ್ಯೋದ್ಯಾನ ಮಾಡುವವರು ಹುಲ್ಲುಗಳಿಗೂ ಮಡಿ ಕಟ್ಟಬೇಕು. ಹಾಗೆ ಕಟ್ಟಿದರೆ ಬೋಳು ನೆಲ ಮತ್ತು ಹುಲ್ಲುಗಾವಲು ಒಂದೇ ಅಲ್ಲವೆಂದು ಜನಕ್ಕೆ ತಿಳಿಯುತ್ತದೆ.

ಕಲಿಕೆಯ ವಿಷಯಕ್ಕೆ ಬಂದರೆ ಈ ಗಡಿಸೀಮೆಗೆ ಒಂದು ವಿಶೇಷ ಅವಕಾಶವಿದೆ. ದಸರೆಯಲ್ಲಿ ಕನ್ನಡದ ಮನೆಗಳು ಬನ್ನಿ ಕೊಟ್ಟು ಬಂಗಾರವೆನ್ನುತ್ತವೆ, ಮರಾಠಿಯ ಮನೆಗಳು ಆಪಟಾ ಎಲೆ ಕೊಟ್ಟು ಸೋನೆ ಎನ್ನುತ್ತವೆ. ಬನ್ನಿ ಮುಳ್ಳಿನ ಮರ, ಸಣ್ಣ ಎಲೆಯದು. ಆಪಟಾ ಮಂದಾರದ ಜಾತಿ, ಎಲೆ ಎರಡು ಹೋಳಿನದು. ಪೇಟೆಯಲ್ಲಿ ಆಪಟಾ ಸಾಲದೆ ಅದರ ಬಳಗದ ಬೇರೆ ಎಲೆಗಳೂ ಮಾರಾಟವಾಗುತ್ತವೆ, ಕೊಂಬೆಗಳು ಮುರಿಯುತ್ತವೆ. ಬನ್ನಿಗೆ ನಂಟಾದ ಬಳ್ಳಾರಿ ಜಾಲಿಯೋ ಅಮೆರಿಕ ಖಂಡದಿಂದ ಬಂದು ಹಳ್ಳದ ದಂಡೆಗಳನ್ನೆಲ್ಲ ಮುತ್ತಿದೆ. ಈ ಮೂರನ್ನೂ ಅಕ್ಕಪಕ್ಕ ನೆಟ್ಟು ಕನ್ನಡ, ಮರಾಠಿ ಫಲಕ ಹಾಕಿದರೆ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಶಾಲೆಗಳ ಮಕ್ಕಳಿಗೆ ಒಂದು ಮಧ್ಯಾಹ್ನದಲ್ಲಿ ಸಸ್ಯಶಾಸ್ತ್ರದ ಪಾಠವೇ ಆದೀತು.

ಇಂಥ ಉದ್ಯಾನದ ಜಾಗಕ್ಕೆ ದೂರ ಹುಡುಕಬೇಕಿಲ್ಲ. ಪರಿಸರ ಅನುಮತಿ ಪಡೆಯುವ ಕಾರ್ಖಾನೆಗಳಿಗೆ ಜಾಗದ ಒಂದು ಪಾಲನ್ನು ಹಸಿರು ಪಟ್ಟಿಯಾಗಿ ಬಿಡುವುದು ಸಾಮಾನ್ಯ ಷರತ್ತು. ಆ ಪಟ್ಟಿಯಲ್ಲಿ ಬೇಗ ಬೆಳೆಯುವ ಪರದೇಶಿ ಮರಗಳ ಬದಲು ತಂಗಡಿ, ಕವಳಿ, ಬಾರಿ, ಬನ್ನಿ, ಆಪಟಾ, ಬೇವು ಬೆಳೆಸಬಹುದು. ಬೀಜ ಎಲ್ಲಿಂದ ಬಂತೆಂದು ಬರೆದಿಡಬಹುದು. ಇವಕ್ಕೆ ನೀರು ಬೇಡುವ ಹುಲ್ಲುಹಾಸಿನಷ್ಟು ಆರೈಕೆ ಬೇಕಾಗದು. ಶರಣ ಸಿದ್ಧರಾಮರು ಕೆರೆ ಕಟ್ಟಿಸಿದ ಸೊಲ್ಲಾಪುರದಲ್ಲಿ ನೀರಿನ ಲೆಕ್ಕ ಯಾರಿಗೂ ಹೇಳಿಕೊಡಬೇಕಿಲ್ಲ.

ಚಿಂಚೋಳಿಯ ಕಾರ್ಖಾನೆಗಳು ನೆಲ ಕೊಡಲಿ, ಸೊಲ್ಲಾಪುರದ ಕಾಲೇಜುಗಳು ದಾಖಲೆಯ ಹೊಣೆ ಹೊರಲಿ, ಕೊಲ್ಹಾಪುರ ಅನುಭವ ಕೊಡಲಿ, ಅಕ್ಕಲಕೋಟೆಯ ಶಿಕ್ಷಕರು ಕನ್ನಡದ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದುಕೊಡಲಿ. ಬರುವ ಮುಂಗಾರಿಗೆ ಮೊದಲೇ ಬೀಜ ಕೂಡಿಡಲು ತೊಡಗಬೇಕೆಂಬುದು ಈ ನಾಲ್ವರಲ್ಲೂ ಬಿನ್ನಹ.