ಅಲ್ಯೂಮಿನಿಯಂ ಸಂಯುಕ್ತ ಫಲಕ

ಎರಡು ತೆಳು ಅಲ್ಯೂಮಿನಿಯಂ ತಗಡುಗಳ ನಡುವೆ ಪ್ಲಾಸ್ಟಿಕ್ ಅಥವಾ ಖನಿಜಮಿಶ್ರಿತ ತಿರುಳನ್ನು ಬೆಸೆದು ತಯಾರಿಸುವ, ಬಹುಮಹಡಿ ಕಟ್ಟಡಗಳ ಹೊರಮೈಗೆ ಹೊದಿಸುವ ಹಾಳೆ. ಬಳಕೆಯಲ್ಲಿ ಎಸಿಪಿ ಶೀಟ್. ಇದು ಹೊದಿಕೆ ಮಾತ್ರ, ಕಟ್ಟಡದ ಭಾರ ಹೊರುವ ಅಂಗವಲ್ಲ. ಸ್ವಿಟ್ಜರ್ಲೆಂಡಿನ ಅಲುಸ್ವಿಸ್ ಕಂಪನಿ 1969ರಲ್ಲಿ ಅಲುಕೊಬಾಂಡ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ದಪ್ಪ ಸಾಮಾನ್ಯವಾಗಿ 3ರಿಂದ 6 ಮಿ.ಮೀ. ಹಗುರ, ಸಮತಟ್ಟು, ತುಕ್ಕುನಿರೋಧಕ. ಹಿಂಬದಿಯಲ್ಲಿ ತೋಡು ಕೊರೆದು ಮಡಿಚಿ, ಗೋಡೆಗೆ ಜೋಡಿಸಿದ ಲೋಹದ ಚೌಕಟ್ಟಿಗೆ ಬಿಗಿಯುತ್ತಾರೆ. ಬೆಂಗಳೂರಿನಂಥ ನಗರಗಳಲ್ಲಿ ಕಚೇರಿ, ಅಂಗಡಿಗಳ ಮುಂಭಾಗಕ್ಕೂ ನಾಮಫಲಕಗಳಿಗೂ ಬಳಕೆಯಿದೆ.

ಫಲಕದ ಬೆಂಕಿ ಸುರಕ್ಷತೆಯನ್ನು ನಿರ್ಧರಿಸುವುದು ಮುಖ್ಯವಾಗಿ ತಿರುಳು. ಹೊರನೋಟದಿಂದ ಅದನ್ನು ಗುರುತಿಸಲಾಗದು. ಪಾಲಿಎಥಿಲೀನ್ ತಿರುಳು ಅಗ್ಗ, ಆದರೆ ಸುಲಭವಾಗಿ ಉರಿಯುತ್ತದೆ: ಕರಗಿ, ಉರಿಯುತ್ತಲೇ ತೊಟ್ಟಿಕ್ಕಿ ಕೆಳಗಿನ ಮಹಡಿಗಳಿಗೂ ಬೆಂಕಿ ಹಬ್ಬಿಸುತ್ತದೆ. ಫಲಕ ಮತ್ತು ಗೋಡೆಯ ನಡುವಿನ ಖಾಲಿ ಜಾಗ ಹೊಗೆಕೊಳವೆಯಂತೆ ವರ್ತಿಸಿ ಜ್ವಾಲೆಯನ್ನು ಮೇಲಕ್ಕೆಳೆಯುತ್ತದೆ. ಇದನ್ನು ತಡೆಯಲು ಮಹಡಿ ಮಹಡಿಗೂ ಬೆಂಕಿತಡೆ ಪಟ್ಟಿಗಳು ಬೇಕು. ಖನಿಜಾಂಶ ಹೆಚ್ಚಿದಷ್ಟೂ ತಿರುಳು ಉರಿಯುವುದು ಕಡಿಮೆ. ಬೆಂಕಿ ವರ್ಗೀಕರಣದ ಎ2 ದರ್ಜೆಯದು ಬಹುತೇಕ ದಹಿಸದು.

ಮೆಲ್ಬರ್ನಿನ ಲಕ್ರಾಸ್ ಕಟ್ಟಡದಲ್ಲಿ 2014ರಲ್ಲಿ ಇಂಥ ಹೊದಿಕೆಯ ಮೂಲಕ ಬೆಂಕಿ ಹಬ್ಬಿತು. ಲಂಡನ್ನಿನ 24 ಮಹಡಿಗಳ ಗ್ರೆನ್‌ಫೆಲ್ ಗೋಪುರದಲ್ಲಿ 2017ರ ಜೂನ್ 14ರಂದು ಸಂಭವಿಸಿದ ಅಗ್ನಿದುರಂತದಲ್ಲಿ 72 ಮಂದಿ ಸತ್ತರು. ಬೆಂಕಿ ಹಬ್ಬಲು ಪಾಲಿಎಥಿಲೀನ್ ತಿರುಳಿನ ಫಲಕಗಳೇ ಪ್ರಧಾನ ಕಾರಣವೆಂದು ವಿಚಾರಣಾ ಸಮಿತಿ 2019ರಲ್ಲಿ ನಿರ್ಣಯಿಸಿತು. ಇಂಗ್ಲೆಂಡ್ 2018ರಲ್ಲಿ, 18 ಮೀಟರಿಗಿಂತ ಎತ್ತರದ ಹೊಸ ವಸತಿ ಕಟ್ಟಡಗಳ ಹೊರಗೋಡೆಗಳಲ್ಲಿ ದಹನಶೀಲ ವಸ್ತುಗಳನ್ನು ನಿಷೇಧಿಸಿತು.